ಉಮ್ಮನ ಹಾಡಿಗೆ ಎಷ್ಟು ಮೈಕ್ ಬೇಕು?

ರಬೀಉಲ್ ಅವ್ವಲ್ ಹತ್ತಿರ ಬರುತ್ತಿದ್ದಂತೆ ಮದ್ರಸದಲ್ಲಿ ನಮಗೆ ಬರುವ ಪ್ರಶ್ನೆಗಳೇ ಬೇರೆ ಆಗ್ತವೆ. ನಮಾಝಿನ ಮಸ್ಅಲ ಕೇಳುವವರಿಗಿಂತ ಮೈಕಿನ ಮಸ್ಅಲ ಕೇಳುವವರೇ ಜಾಸ್ತಿ. "ಉಸ್ತಾದ್, ಮಕ್ಕಳ ಮದ್ಹ್ ಹಾಡು ರೆಕಾರ್ಡ್ ಮಾಡ್ಬೇಕು. ಲ್ಯಾಪ್‌ಟಾಪ್ ಉಂಟು. ಇನ್ನೆಂತ ತಕೊಳ್ಬೇಕು?" ಕೇಳುವವರ ಕೈಯಲ್ಲಿ ಊರಿನವರು ಕೂಡಿಸಿಕೊಟ್ಟ ಒಂದಿಷ್ಟು ಹಣ ಇರುತ್ತದೆ. ಅದರಲ್ಲಿ ಅರ್ಧ ಗಲ್ಫಿನ ಬಿಸಿಲಿನಲ್ಲಿ ದುಡಿದವರದ್ದು, ಉಳಿದದ್ದು ಊರಿನ ಅಂಗಡಿಯವರದ್ದು, ರಿಕ್ಷಾದವರದ್ದು. ಆ ಹಣ ಅಮಾನತ್. ಒಂದು ರೂಪಾಯಿಯೂ ಬೇಡದ ವಸ್ತುವಿಗೆ ಹೋಗಬಾರದು.

ಅಂಗಡಿಗೆ ಹೋದರೆ ಅಲ್ಲಿ ಹೊಳೆಯುವ ಗುಂಡಿಗಳಿರುವ ದೊಡ್ಡ ಪೆಟ್ಟಿಗೆ ಮೊದಲು ಕಣ್ಣಿಗೆ ಬೀಳುತ್ತದೆ. ಅದನ್ನೇ ಹೊತ್ತು ತರುವವರು ಬಹಳ ಮಂದಿ. ಮನೆಗೆ ತಂದು ನೋಡಿದರೆ ಬೇಕಾದ ಕೆಲಸಕ್ಕೆ ಅದು ಆಗುವುದಿಲ್ಲ. ಆದ್ದರಿಂದ ಈ ವಾರ ನಾವು ಮನೆಯಲ್ಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು, ಒಬ್ಬೊಬ್ಬರ ಸ್ವರವನ್ನು ಬೇರೆ ಬೇರೆ ಮಾಡಿ ಧ್ವನಿಮುದ್ರಣ ಮಾಡಲು ಏನೇನು ಬೇಕು, ಏನೇನು ಬೇಡ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಫೋನ್ ಸಾಲದೇ?

ಒಬ್ಬರು ಒಂದು ಹಾಡು ಹೇಳುವುದಾದರೆ ಫೋನ್ ಸಾಕು. ಆದರೆ ಹತ್ತು ಜನ ದಫ್ ಬಾರಿಸುತ್ತಾ ಹಾಡುವಾಗ ಫೋನಿನಲ್ಲಿ ಕೇಳುವುದು ದಫ್ ಮಾತ್ರ. ಹಾಡಿನ ಪದ ದಫ್ಫಿನ ಅಡಿಯಲ್ಲಿ ಹೂತು ಹೋಗಿರುತ್ತದೆ. ಆಮೇಲೆ ಎಷ್ಟು ಸರಿಪಡಿಸಿದರೂ ದಫ್ ಕಡಿಮೆ ಮಾಡಿದರೆ ಸ್ವರವೂ ಕಡಿಮೆಯಾಗ್ತದೆ. ಚಾ ಮಾಡಿದ ಮೇಲೆ ಅದರಿಂದ ಸಕ್ಕರೆಯನ್ನು ಹೊರಗೆ ತೆಗೆಯಲು ಆಗ್ತದಾ? ಹಾಗೆಯೇ ಇದು.

ಮಲ್ಟಿಟ್ರ್ಯಾಕ್ ಎಂದರೆ ಹಾಲು, ಚಾಹುಡಿ, ಸಕ್ಕರೆಯನ್ನು ಬೇರೆ ಬೇರೆ ಪಾತ್ರೆಯಲ್ಲಿ ಇಟ್ಟುಕೊಳ್ಳುವುದು. ಮುಂದೆ ಹಾಡುವವನ ಸ್ವರ ಒಂದು ಟ್ರ್ಯಾಕ್, ಹಿಂದೆ ಏರಿಸಿ ಹಾಡುವವರದ್ದು ಇನ್ನೊಂದು, ದಫ್ ಮತ್ತೊಂದು. ಎಲ್ಲ ಮುಗಿದ ಮೇಲೆ ಎಷ್ಟು ಬೇಕೋ ಅಷ್ಟು ಬೆರೆಸುವುದು. ಒಬ್ಬ ತಪ್ಪಿದರೆ ಹತ್ತು ಜನ ಮತ್ತೆ ಹಾಡಬೇಕಾಗಿಲ್ಲ, ಅವನೊಬ್ಬ ಹಾಡಿದರೆ ಸಾಕು.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಲೆಸ್ ಪಾಲ್ ಎಂಬ ಗಿಟಾರ್ ವಾದಕ 1940ರ ದಶಕದಲ್ಲೇ ಒಂದರ ಮೇಲೊಂದು ಮುದ್ರಿಸುವ ಪ್ರಯೋಗ ಮಾಡಿದ್ದ. 1979ರಲ್ಲಿ ಜಪಾನಿನ ಟಿಯಾಕ್ ಕಂಪೆನಿ ಟಾಸ್ಕಾಮ್ ಹೆಸರಿನಲ್ಲಿ 'ಪೋರ್ಟಾಸ್ಟುಡಿಯೋ' ಎಂಬ ಪೆಟ್ಟಿಗೆ ತಂದಿತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ 4 ಟ್ರ್ಯಾಕ್. ಸ್ಟುಡಿಯೋದ ಕೆಲಸ ಮನೆಯ ಕೋಣೆಗೆ ಬಂದದ್ದು ಅಲ್ಲಿಂದ. ಕ್ಯಾಸೆಟ್ ಎಂದರೆ ನಮ್ಮ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಪತ್ರ ಬರೆಯಲು ಬಾರದ ಉಮ್ಮಂದಿರು ಟೇಪ್ ರೆಕಾರ್ಡರ್ ಮುಂದೆ ಕುಳಿತು ಗಲ್ಫಿಗೆ ಮಾತು ಕಳುಹಿಸಿದ ಕಾಲ ಅದು. ಇಂದು ಕಾಲೇಜು ಹುಡುಗನ ಲ್ಯಾಪ್‌ಟಾಪ್ ಅಂಥ ಹತ್ತು ಪೆಟ್ಟಿಗೆಗಳ ಕೆಲಸವನ್ನು ಒಂದೇ ಮಾಡ್ತದೆ.

ವಾದ್ಯ ಇಲ್ಲದ ಹಾಡುಗಳನ್ನೇ ಬಯಸುವ ಮನೆಗಳಿಗಂತೂ ಇದರಷ್ಟು ಅನುಕೂಲ ಬೇರೆ ಇಲ್ಲ. ಈಗ ಕೇಳುವ ಕಂಠ ಮಾತ್ರದ ನಶೀದ್‌ಗಳಲ್ಲಿ ಹತ್ತು ಜನ ಹಾಡಿದ ಹಾಗೆ ಕೇಳುವುದು ಅನೇಕ ಸಲ ಇಬ್ಬರು ಮೂವರ ಸ್ವರವೇ. ಒಬ್ಬನೇ ಮೇಲಿನ ಸ್ವರದಲ್ಲಿ ಒಮ್ಮೆ, ಕೆಳಗಿನ ಸ್ವರದಲ್ಲಿ ಒಮ್ಮೆ, ಬರೀ ಗುನುಗಿ ಒಮ್ಮೆ ಹಾಡಿ ಜೋಡಿಸುತ್ತಾನೆ. ವಾದ್ಯದ ಜಾಗವನ್ನು ಮನುಷ್ಯನ ಕಂಠವೇ ತುಂಬುತ್ತದೆ.

ಮನೆಯಲ್ಲೇ ಯಾಕೆ?

ಪೇಟೆಯಲ್ಲಿ ಸ್ಟುಡಿಯೋಗಳಿವೆ, ಅಲ್ಲಿ ಅನುಭವಿಗಳೂ ಇದ್ದಾರೆ. ದೊಡ್ಡ ಆಲ್ಬಂ ಮಾಡುವವರು ಅಲ್ಲಿಗೇ ಹೋಗಲಿ. ಆದರೆ ನಮ್ಮ ಹಾಡಿನ ಭಂಡಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸ್ಟುಡಿಯೋಗೆ ಎಂದೂ ಹೋಗದವರ ಗಂಟಲಲ್ಲಿ. ಮೊಯ್ಲಾಂಜಿಯ ರಾತ್ರಿ ಮದುಮಗಳ ಸುತ್ತ ಕುಳಿತು ಹೇಳುವ ಹಾಡು, ತೊಟ್ಟಿಲ ಹಾಡು, ಬೀಡಿ ಕಟ್ಟುತ್ತಾ ಗುನುಗುವ ಹಾಡು, ಹೆರಿಗೆಯ ಮನೆಯಲ್ಲಿ ಹೇಳುವ ಮಾಲೆ. ಎಪ್ಪತ್ತೈದು ದಾಟಿದ ಅಜ್ಜಿಯನ್ನು ಬಸ್ಸಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗಿ, ಗುರುತಿಲ್ಲದ ಗಂಡಸರ ಮುಂದೆ ಗಾಜಿನ ಕೋಣೆಯಲ್ಲಿ ನಿಲ್ಲಿಸಿ "ಹಾಡಿ" ಎಂದರೆ ಹಾಡ್ತಾರಾ? ಹಾಡುವುದಿಲ್ಲ. ಅದೇ ಅಜ್ಜಿ ತನ್ನ ಮಂಚದ ಮೇಲೆ ಕುಳಿತು, ಮೊಮ್ಮಗಳು ಮೈಕ್ ಹಿಡಿದರೆ ಗಂಟೆಗಟ್ಟಲೆ ಹಾಡುತ್ತಾರೆ. ಪರ್ದಾಕ್ಕೂ ತೊಂದರೆ ಇಲ್ಲ, ಮನಸ್ಸಿಗೂ ಅಂಜಿಕೆ ಇಲ್ಲ.

ಇನ್ನೊಂದು ಮಾತು. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ರಚಿಸಿದ ಮುಹ್ಯಿದ್ದೀನ್ ಮಾಲೆ ಅರಬಿ ಮಲಯಾಳದಲ್ಲಿ ಅಚ್ಚಾಗಿ ಇಂದಿಗೂ ಸಿಗುತ್ತದೆ. ಪದಗಳು ಎಲ್ಲಿಗೂ ಹೋಗಿಲ್ಲ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಹೇಳುವ ಧಾಟಿ, ಎಲ್ಲಿ ಉಸಿರು ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂಬುದು ಪುಸ್ತಕದಲ್ಲಿ ಇಲ್ಲ. ಮಾಪಿಳ್ಳ ಹಾಡಿನವರು ಧಾಟಿಗೆ 'ಇಶಲ್' ಅನ್ನುತ್ತಾರೆ. ಇಶಲ್ ಬಾಯಿಂದ ಕಿವಿಗೆ ಮಾತ್ರ ಬರುವಂಥದ್ದು. ಬ್ಯಾರಿ ಭಾಷೆಯಲ್ಲೇ ಕಟ್ಟಿದ ಮನೆಹಾಡುಗಳಿಗೆ ಎಷ್ಟೋ ಸಲ ಬರೆದಿಟ್ಟ ಪದವೂ ಇಲ್ಲ. ಹಾಡಿದವರು ಮಣ್ಣಿಗೆ ಹೋದರೆ ಅದೂ ಅವರೊಂದಿಗೆ ಹೋಯಿತು.

ಮೊದಲ ಪ್ರಶ್ನೆ: ಒಂದೇ ಸಲಕ್ಕೆ ಎಷ್ಟು ಜನ?

ಅಂಗಡಿಗೆ ಹೋಗುವ ಮೊದಲು ಒಂದು ಕಾಗದದ ಮೇಲೆ ಇದನ್ನು ಬರೆದುಕೊಳ್ಳಿ: ಒಂದೇ ಸಮಯಕ್ಕೆ ಎಷ್ಟು ಮೈಕ್ ಬೇಕು? ಒಟ್ಟು ಹಾಡಿನಲ್ಲಿ ಎಷ್ಟು ಸ್ವರ ಇರುತ್ತದೆ ಎಂಬುದಲ್ಲ ಪ್ರಶ್ನೆ. ಲ್ಯಾಪ್‌ಟಾಪ್‌ನಲ್ಲಿ ಒಂದಾದ ಮೇಲೆ ಒಂದರಂತೆ ಎಷ್ಟು ಸ್ವರ ಬೇಕಾದರೂ ಸೇರಿಸಬಹುದು. ಏಕಕಾಲಕ್ಕೆ ಹಿಡಿಯಬೇಕಾದದ್ದು ಎಷ್ಟು ಎಂಬುದರ ಮೇಲೆ ಖರ್ಚು ನಿಲ್ಲುತ್ತದೆ.

ಒಬ್ಬ ಹುಡುಗ ಅಥವಾ ಹುಡುಗಿ ತನ್ನದೇ ಸ್ವರವನ್ನು ನಾಲ್ಕೈದು ಸಲ ಜೋಡಿಸಿ ನಶೀದ್ ಮಾಡುವುದಾದರೆ ಒಂದು ಮೈಕ್ ಸಾಕು.

ಅಜ್ಜಿ ಮುಂದೆ ಹೇಳಿ, ಸೊಸೆ ಮೊಮ್ಮಕ್ಕಳು ಹಿಂದೆ ಹೇಳುವುದಾದರೆ ಎರಡು ಸಾಕು. ಒಂದು ಅಜ್ಜಿಯ ಎದುರು, ಒಂದು ಉಳಿದವರ ನಡುವೆ. ಎರಡು ಮೈಕ್ ಇಡುವಾಗ ಒಂದು ಲೆಕ್ಕ ನೆನಪಿರಲಿ. ಮೈಕ್ ಬಾಯಿಯಿಂದ ಒಂದು ಅಡಿ ದೂರ ಇದ್ದರೆ, ಎರಡು ಮೈಕುಗಳ ನಡುವೆ ಕನಿಷ್ಠ ಮೂರು ಅಡಿ ಅಂತರ ಇರಬೇಕು. ಇಲ್ಲದಿದ್ದರೆ ಒಬ್ಬರ ಸ್ವರ ಎರಡರಲ್ಲೂ ಬಿದ್ದು ಪೊಳ್ಳಾಗಿ ಕೇಳ್ತದೆ.

ಎಂಟು ಹತ್ತು ಜನರ ದಫ್ ತಂಡಕ್ಕೆ ನಾಲ್ಕು ಮೈಕ್ ಇದ್ದರೆ ಚಂದ. ಮುಂದಿನ ಹಾಡುಗಾರನಿಗೆ ಒಂದು, ಹಿಂದೆ ಹಾಡುವವರಿಗೆ ಒಂದು, ದಫ್ಫಿನ ಸಾಲಿನ ಎಡಬಲಕ್ಕೆ ಎರಡು. ಅಷ್ಟು ಹಣ ಇಲ್ಲದಿದ್ದರೆ ಎರಡರಲ್ಲೇ ಮುಗಿಸುವ ದಾರಿಯೂ ಉಂಟು. ಮೊದಲು ದಫ್ ಮಾತ್ರ ಎರಡು ಮೈಕಿನಲ್ಲಿ ಹಿಡಿಯುವುದು. ಮುಂದಿನ ಹಾಡುಗಾರ ಅಳತೆ ತಪ್ಪದಂತೆ ಬಾಯಲ್ಲೇ ಪಿಸುಗುಟ್ಟಲಿ. ಆಮೇಲೆ ಹೆಡ್‌ಫೋನಿನಲ್ಲಿ ದಫ್ ಕೇಳುತ್ತಾ ಹಾಡುಗಾರ ಹಾಡಲಿ, ನಂತರ ಉಳಿದವರು.

ಮಿಕ್ಸರ್ ಎಂಬ ಬಲೆ

ನಮ್ಮವರ ಹಣ ಅತಿ ಹೆಚ್ಚು ಹಾಳಾಗುವುದು ಇಲ್ಲಿ. ವೇದಿಕೆ ಕಾರ್ಯಕ್ರಮಕ್ಕೆ ಬಳಸುವ ಮಿಕ್ಸರಿನಲ್ಲಿ 8 ಅಥವಾ 12 ಮೈಕ್ ಚುಚ್ಚಲು ಜಾಗ ಇರುತ್ತದೆ, ಹಿಂದೆ ಯುಎಸ್‌ಬಿ ತೂತೂ ಇರುತ್ತದೆ. "ಹನ್ನೆರಡು ಮೈಕ್ ಹಾಕಬಹುದು, ಲ್ಯಾಪ್‌ಟಾಪಿಗೂ ಸೇರ್ತದೆ" ಎಂದು ಅಂಗಡಿಯವ ಹೇಳಿದರೆ ಅದು ಸುಳ್ಳಲ್ಲ. ಆದರೆ ಕಡಿಮೆ ಬೆಲೆಯ ಬಹಳಷ್ಟು ಮಿಕ್ಸರ್‌ಗಳು ಹನ್ನೆರಡನ್ನೂ ಒಳಗೇ ಬೆರೆಸಿ, ಎಡ ಮತ್ತು ಬಲ ಎಂಬ ಎರಡೇ ಸಾಲಾಗಿ ಲ್ಯಾಪ್‌ಟಾಪಿಗೆ ಕಳುಹಿಸುತ್ತವೆ. ಚಾ ಮೊದಲೇ ತಯಾರಾಗಿ ಬಂತು. ಇನ್ನು ಬೇರೆ ಮಾಡಲು ಆಗುವುದಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಹೀಗಿರಲಿ: "ಇದರಿಂದ ಲ್ಯಾಪ್‌ಟಾಪಿಗೆ ಒಂದೇ ಸಲಕ್ಕೆ ಎಷ್ಟು ಬೇರೆ ಬೇರೆ ಟ್ರ್ಯಾಕ್ ಹೋಗ್ತದೆ?" ಉತ್ತರ ಬಾಯಲ್ಲಿ ಬೇಡ, ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಚುಚ್ಚಿ ತೋರಿಸಲಿ. ಮದ್ರಸದ ವಾರ್ಷಿಕಕ್ಕೆ ವೇದಿಕೆಯಲ್ಲಿ ಮಿಕ್ಸರ್ ಬೇಕು, ಅದು ಬೇರೆ. ಮನೆಯಲ್ಲಿ ಧ್ವನಿಮುದ್ರಣಕ್ಕೆ ಬೇಕಾದದ್ದು ಆಡಿಯೋ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆ.

ಇಂಟರ್‌ಫೇಸ್ ಕೊಳ್ಳುವಾಗ

ಮೈಕಿನಿಂದ ಬರುವ ದುರ್ಬಲ ವಿದ್ಯುತ್ತನ್ನು ಬಲಪಡಿಸಿ, ಅಂಕಿಗಳಾಗಿ ಬದಲಿಸಿ ಲ್ಯಾಪ್‌ಟಾಪಿಗೆ ಕೊಡುವುದು ಇಂಟರ್‌ಫೇಸಿನ ಕೆಲಸ. ಹೆಡ್‌ಫೋನಿಗೆ ಸ್ವರ ಮರಳಿಸುವುದೂ ಅದೇ. ಲ್ಯಾಪ್‌ಟಾಪಿನ ಬದಿಯಲ್ಲಿರುವ ಸಣ್ಣ ಮೈಕ್ ತೂತು ಈ ಕೆಲಸಕ್ಕೆ ಆಗುವುದಿಲ್ಲ, ಗೊರಗೊರ ಸದ್ದು ಬರ್ತದೆ.

ಎರಡು ಮೈಕ್ ಹಿಡಿಯುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಬೆಹ್ರಿಂಗರ್ ಯುಎಂಸಿ 202ಎಚ್‌ಡಿ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವಂಥವು. ಇವು ಯುಎಸ್‌ಬಿ ವೈರಿನಿಂದಲೇ ವಿದ್ಯುತ್ ಪಡೆಯುತ್ತವೆ. ನಾಲ್ಕು ಮೈಕಿಗೆ ಬೆಹ್ರಿಂಗರ್ ಯುಎಂಸಿ 404ಎಚ್‌ಡಿ ಉಂಟು, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಹೆಸರಿಗಿಂತ ನೋಡಬೇಕಾದದ್ದು ಈ ನಾಲ್ಕು ವಿಷಯ.

ಒಂದು, ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ, ಮೂರು ಕಾಲಿನ ಮೈಕ್ ತೂತು ಎಷ್ಟಿದೆ ಎಂದು ಬೆರಳಿಟ್ಟು ಎಣಿಸಿ. ಸ್ಕಾರ್ಲೆಟ್ 18ಐ20 ಎಂಬುದರಲ್ಲಿ 18 ಒಳದಾರಿ ಎಂದಿದ್ದರೂ ನೇರವಾಗಿ ಮೈಕ್ ಹಾಕಲು ಆಗುವುದು 8 ಮಾತ್ರ, ಉಳಿದದ್ದು ಬೇರೆ ಡಿಜಿಟಲ್ ಯಂತ್ರಗಳಿಗೆ.

ಎರಡು, 48 ವೋಲ್ಟ್ ಎಂಬ ಗುಂಡಿ. ಕಂಡೆನ್ಸರ್ ಮೈಕ್ ಕೆಲಸ ಮಾಡಬೇಕಾದರೆ ಈ ವಿದ್ಯುತ್ ಬೇಕು. ಇಂಗ್ಲಿಷಿನಲ್ಲಿ ಫ್ಯಾಂಟಮ್ ಪವರ್ ಅನ್ನುತ್ತಾರೆ.

ಮೂರು, ಡೈರೆಕ್ಟ್ ಮಾನಿಟರ್ ಎಂಬ ಗುಂಡಿ. ಸ್ವರ ಲ್ಯಾಪ್‌ಟಾಪಿಗೆ ಹೋಗಿ ಹೆಡ್‌ಫೋನಿಗೆ ಮರಳಿ ಬರುವಾಗ ಸ್ವಲ್ಪ ತಡವಾಗ್ತದೆ. ತನ್ನ ಸ್ವರ ತನಗೇ ತಡವಾಗಿ ಕೇಳಿದರೆ ಎಂಥ ಹಾಡುಗಾರನಿಗೂ ಅಳತೆ ತಪ್ತದೆ. ಈ ಗುಂಡಿ ಒತ್ತಿದರೆ ಸ್ವರ ಲ್ಯಾಪ್‌ಟಾಪಿಗೆ ಸುತ್ತಿ ಬರದೆ ನೇರ ಕಿವಿಗೆ ಬರ್ತದೆ.

ನಾಲ್ಕು, ಆ ಇಂಟರ್‌ಫೇಸಿಗೆ ಕಂಪೆನಿಯದ್ದೇ ಡ್ರೈವರ್ ಉಂಟಾ ಎಂದು ಕೇಳಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ಆಸಿಯೋ' ಎಂಬ ಡ್ರೈವರ್ ಇದ್ದರೆ ವಿಳಂಬ ಕಡಿಮೆ. ಆಪಲ್ ಲ್ಯಾಪ್‌ಟಾಪಿಗೆ ಈ ಚಿಂತೆ ಇಲ್ಲ. ಸಾಫ್ಟ್‌ವೇರಿನಲ್ಲಿ 'ಬಫರ್' ಎಂಬ ಒಂದು ಲೆಕ್ಕ ಸಿಗುತ್ತದೆ. ಹಾಡುವಾಗ ಅದನ್ನು 128 ಅಥವಾ 256ಕ್ಕೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 256 ಎಂದರೆ ಒಂದು ಕಡೆಗೆ ಸುಮಾರು 5 ಮಿಲಿಸೆಕೆಂಡ್, ಕಿವಿಗೆ ಗೊತ್ತಾಗುವಷ್ಟಲ್ಲ. ಎಲ್ಲ ಮುಗಿದು ಬೆರೆಸುವಾಗ 1024ಕ್ಕೆ ಏರಿಸಿ, ಲ್ಯಾಪ್‌ಟಾಪ್ ಆರಾಮವಾಗಿ ಓಡ್ತದೆ.

ಗಲ್ಫಿನಿಂದ ಬರುವವರಲ್ಲಿ ತರಿಸುವವರಿಗೆ ಒಂದು ಮಾತು. ಅಲ್ಲಿ ಕೊಂಡ ವಸ್ತುವಿನ ವಾರಂಟಿ ಇಲ್ಲಿ ನಡೆಯುತ್ತದೋ ಎಂದು ಮೊದಲೇ ವಿಚಾರಿಸಿ. ದುಬೈಯ ಅಡಾಪ್ಟರಿನ ಪಿನ್ ಚಪ್ಪಟೆ ಮೂರು ಕಾಲಿನದ್ದು, ನಮ್ಮ ಗೋಡೆಗೆ ಕೂರುವುದಿಲ್ಲ. ಯುಎಸ್‌ಬಿಯಿಂದಲೇ ಓಡುವುದಾದರೆ ಆ ತಲೆನೋವು ಇಲ್ಲ.

ಲ್ಯಾಪ್‌ಟಾಪ್ ಹೊಸದೇ ಬೇಕಾ?

ಬೇಡ. ನಾಲ್ಕೈದು ವರ್ಷ ಹಳೆಯದಾದರೂ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಹತ್ತಿಪ್ಪತ್ತು ಟ್ರ್ಯಾಕ್ ಧಾರಾಳವಾಗಿ ಎಳೆಯುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಬದಲು ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಜಾಗದ ಲೆಕ್ಕ ಹೀಗೆ: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ಒಂದು ನಿಮಿಷಕ್ಕೆ 8.6 ಎಂಬಿಯಷ್ಟು ತಿನ್ನುತ್ತದೆ. ಐದು ನಿಮಿಷದ ಹಾಡು, ಎಂಟು ಟ್ರ್ಯಾಕ್ ಎಂದರೆ ಸುಮಾರು 345 ಎಂಬಿ.

ಹಾಡುವಾಗ ವೈಫೈ ಬಂದ್ ಮಾಡಿ. ಚಾರ್ಜರ್ ಚುಚ್ಚಿದಾಗ ಹೆಡ್‌ಫೋನಿನಲ್ಲಿ 'ಗುಂ' ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿ ನೋಡಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿರುವುದೂ ಇದಕ್ಕೆ ಕಾರಣ ಇರಬಹುದು.

ಯಾವ ಮೈಕ್?

ಮೈಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಎಂಬುದು ಗಟ್ಟಿಮುಟ್ಟು, ಹತ್ತಿರದ ಸದ್ದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಮಸೀದಿ, ಸಭೆಗಳಲ್ಲಿ ನೋಡುವ ಶೂರ್ ಎಸ್‌ಎಂ 58 ಈ ಜಾತಿಯದ್ದು. 1966ರಿಂದ ಮಾರುಕಟ್ಟೆಯಲ್ಲಿ ಉಂಟು. ಅದೇ ಹೆಸರಿನ ನಕಲಿ ಮಾಲು ಬಹಳ, ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಕಂಡೆನ್ಸರ್ ಎಂಬುದು ಸೂಕ್ಷ್ಮ, ಉಸಿರಿನ ಎಳೆಯನ್ನೂ ಹಿಡಿಯುತ್ತದೆ. ಆಡಿಯೋ ಟೆಕ್ನಿಕಾ ಎಟಿ 2020 ಈ ಜಾತಿಯಲ್ಲಿ ಕಡಿಮೆ ಬೆಲೆಗೆ ಹೆಸರು ಪಡೆದದ್ದು.

ಹಾಗಾದರೆ ಕಂಡೆನ್ಸರೇ ಒಳ್ಳೆಯದಲ್ಲವೇ? ಕೋಣೆ ಒಳ್ಳೆಯದಿದ್ದರೆ ಹೌದು. ನಮ್ಮ ಮನೆಗಳಲ್ಲಿ ಫ್ಯಾನ್, ಫ್ರಿಜ್, ಪಕ್ಕದ ಮನೆಯ ಮಿಕ್ಸಿ, ಕಾಗೆ, ರಸ್ತೆಯ ಬಸ್ಸು, ಹಂಚಿನ ಮೇಲೆ ಬೀಳುವ ಮಳೆ, ಎಲ್ಲವನ್ನೂ ಅದು ಪ್ರೀತಿಯಿಂದ ಹಿಡಿಯುತ್ತದೆ. ರಸ್ತೆ ಬದಿಯ ಮನೆಯಾದರೆ ಡೈನಾಮಿಕ್ ಕೊಳ್ಳಿ. ಒಳಗಿನ ಕೋಣೆ, ರಾತ್ರಿ ಹೊತ್ತು, ಮೆಲ್ಲಗಿನ ಸ್ವರದ ಅಜ್ಜಿ ಎಂದಾದರೆ ಕಂಡೆನ್ಸರ್. ಮುದಿ ಸ್ವರ ಮೈಕಿಗೆ ಬಾಯಿ ತಾಗಿಸಿ ಹಾಡುವುದಿಲ್ಲ, ಒಂದು ಅಡಿ ದೂರದಿಂದಲೇ ಹಿಡಿಯುವ ಮೈಕ್ ಅವರಿಗೆ ಬೇಕು. ದಫ್ಫಿಗೆ ಡೈನಾಮಿಕ್ ಒಳ್ಳೆಯದು. ಚರ್ಮಕ್ಕೆ ನೇರ ಎದುರು ಇಡದೆ ಸ್ವಲ್ಪ ಓರೆಯಾಗಿ, ಎರಡು ಮೂರು ಅಡಿ ದೂರದಲ್ಲಿ ಇಟ್ಟರೆ ಏಟಿನ ಬಡಿತದ ಜೊತೆಗೆ ನಾದವೂ ಬರ್ತದೆ.

ಕರಾವಳಿಯ ತೇವ ಕಂಡೆನ್ಸರಿಗೆ ಶತ್ರು. ಕೆಲಸ ಮುಗಿದ ಮೇಲೆ ಮುಚ್ಚಳ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮಳೆಗಾಲದಲ್ಲಿ ಸ್ಟ್ಯಾಂಡಿನಲ್ಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ಚಟಪಟ ಸದ್ದು ಶುರುವಾಗಬಹುದು.

ನೇರ ಯುಎಸ್‌ಬಿಗೆ ಚುಚ್ಚುವ ಮೈಕ್ ಕೂಡ ಸಿಗ್ತದೆ. ಒಬ್ಬನೇ ಹಾಡುವುದಾದರೆ ಅದು ಅಗ್ಗದ ದಾರಿ. ಆದರೆ ನಾಳೆ ಎರಡನೆಯ ಮೈಕ್ ಬೇಕೆಂದಾಗ ಒಂದೇ ಲ್ಯಾಪ್‌ಟಾಪಿಗೆ ಎರಡು ಯುಎಸ್‌ಬಿ ಮೈಕ್ ಹೊಂದಿಸುವುದು ಪೀಕಲಾಟ. ಮುಂದೆ ಬೆಳೆಯುವ ಉದ್ದೇಶ ಇದ್ದವರು ಮೊದಲೇ ಇಂಟರ್‌ಫೇಸ್ ಕೊಳ್ಳುವುದು ಲೇಸು.

ಹೆಡ್‌ಫೋನ್: ವೈರ್ ಇರಲಿ

ಕಿವಿಯಲ್ಲಿ ಈಗ ಎಲ್ಲರದ್ದೂ ಬ್ಲೂಟೂತ್. ಈ ಕೆಲಸಕ್ಕೆ ಅದು ಆಗದು. ಬ್ಲೂಟೂತಿನಲ್ಲಿ ಸ್ವರ ತಡವಾಗಿ ತಲುಪುವುದರಿಂದ ಹಿಂದಿನ ಟ್ರ್ಯಾಕ್ ಕೇಳಿ ಹಾಡಿದ ಹೊಸ ಟ್ರ್ಯಾಕ್ ಅಳತೆಗೆ ಕೂರುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ ಬೇಕು. ಹಾಡುವವರು ಟೋಪಿಯ ಅಥವಾ ಶಾಲಿನ ಮೇಲಿಂದ ಹಾಕಿದರೆ ಸದ್ದು ಹೊರಗೆ ಸೋರಿ ಮೈಕಿಗೆ ಬೀಳುತ್ತದೆ, ಒಳಗಿಂದ ಹಾಕಲಿ. ಅಜ್ಜಿಗೆ ಹೆಡ್‌ಫೋನ್ ಒತ್ತಾಯ ಮಾಡಬೇಡಿ. ಅವರು ಯಾವುದನ್ನೂ ಕೇಳದೆ, ತಮ್ಮದೇ ಅಳತೆಯಲ್ಲಿ ಮೊದಲು ಹಾಡಲಿ. ಹೆಡ್‌ಫೋನ್ ಹಾಕಿ ಅವರ ಅಳತೆಗೆ ಹೊಂದಿಕೊಳ್ಳಬೇಕಾದವರು ಮೊಮ್ಮಕ್ಕಳು.

ಇದರ ಜೊತೆಗೆ ಒಂದು ಗಟ್ಟಿ ಸ್ಟ್ಯಾಂಡ್, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರ್, 'ಪ' 'ಬ' ಅಕ್ಷರಗಳ ಗಾಳಿ ತಡೆಯುವ ಪಾಪ್ ಫಿಲ್ಟರ್. ಸ್ಟೀಲಿನ ಬಳೆಗೆ ತೆಳು ಬಟ್ಟೆ ಬಿಗಿದು ಮನೆಯಲ್ಲೇ ಮಾಡಿದರೂ ನಡೆಯುತ್ತದೆ.

ಕೋಣೆಗೆ ಹಣ ಬೇಡ, ಹಾಸಿಗೆ ಸಾಕು

ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸುವವರನ್ನು ನೋಡಿದ್ದೇವೆ. ಅದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ. ಟೈಲ್ಸ್ ಹಾಕಿದ ಖಾಲಿ ಹಾಲ್ ಅತ್ಯಂತ ಕೆಟ್ಟ ಜಾಗ, ಸ್ವರ ಗೋಡೆಗೆ ಬಡಿದು ಮರಳುತ್ತದೆ. ಮಂಚ, ಹಾಸಿಗೆ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆಯೇ ಮೇಲು. ಕಪಾಟಿನ ಬಾಗಿಲು ತೆರೆದಿಡಿ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ದಪ್ಪ ಕಂಬಳಿ ತೂಗುಹಾಕಿ, ಕಾಲ ಕೆಳಗೆ ಜಮಖಾನ ಹಾಸಿ. ಫ್ಯಾನ್, ಫ್ರಿಜ್ ಬಂದ್ ಮಾಡಿ. ಫ್ರಿಜ್ ಮತ್ತೆ ಹಾಕಲು ಮರೆಯದಂತೆ ಅದರೊಳಗೆ ನಿಮ್ಮ ಬೈಕಿನ ಕೀ ಇಡಿ! ಇಶಾ ಕಳೆದು ಊರು ಮಲಗಿದ ಮೇಲಿನ ಹೊತ್ತು ಪ್ರಶಸ್ತ.

ಸಾಫ್ಟ್‌ವೇರ್ ಮತ್ತು ಹಕ್ಕು

ಆಡಾಸಿಟಿ ಉಚಿತ. ಒಂದಾದ ಮೇಲೆ ಒಂದು ಸ್ವರ ಜೋಡಿಸಲು ಧಾರಾಳ ಸಾಕು. ಆಪಲ್ ಲ್ಯಾಪ್‌ಟಾಪ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಹಣ ಇಲ್ಲದೆ ಸಿಗ್ತದೆ. ವಿಂಡೋಸಿನಲ್ಲಿ ಒಂದೇ ಸಲಕ್ಕೆ ನಾಲ್ಕು ಮೈಕ್ ಹಿಡಿಯುವವರಿಗೆ ರೀಪರ್ ಸಲೀಸು. ಅದನ್ನು 60 ದಿನ ಹಾಗೆಯೇ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಗೆ 60 ಡಾಲರ್. ಬೀಗ ಮುರಿದ ದುಬಾರಿ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಕೊಡುವವರಿದ್ದಾರೆ. ಇನ್ನೊಬ್ಬರ ದುಡಿಮೆಯ ಹಕ್ಕು ಕದ್ದು ಅದರಲ್ಲಿ ರಸೂಲರ ಮದ್ಹ್ ಹಾಡುವುದು ಹೇಗೆ ಸರಿಯಾಗ್ತದೆ? ಉಚಿತವಾಗಿ, ಹಲಾಲಾಗಿ ಸಿಗುವುದೇ ಇಷ್ಟಿರುವಾಗ ಅದರ ಅಗತ್ಯವೂ ಇಲ್ಲ.

ಮುದ್ರಿಸುವಾಗ ಸ್ವರದ ಮಟ್ಟದ ಕಂಬ ಕೆಂಪಿಗೆ ಹೋಗಬಾರದು. ಅತಿ ಎತ್ತರದ ಸ್ವರವೂ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲಲಿ. ಸಣ್ಣದಾದದ್ದನ್ನು ಆಮೇಲೆ ದೊಡ್ಡದು ಮಾಡಬಹುದು, ಒಡೆದು ಹೋದದ್ದನ್ನು ಸರಿಮಾಡಲು ಆಗದು.

ಹಣದ ಲೆಕ್ಕ

ಎರಡು ಮೈಕಿನ ಇಂಟರ್‌ಫೇಸ್ ಒಂದು, ಮೈಕ್ ಒಂದು, ಹೆಡ್‌ಫೋನ್, ಸ್ಟ್ಯಾಂಡ್, ವೈರ್ ಸೇರಿ ಆಯ್ಕೆಗೆ ತಕ್ಕಂತೆ ಹದಿನೈದರಿಂದ ಮೂವತ್ತು ಸಾವಿರ ರೂಪಾಯಿಯ ಒಳಗೆ ಆರಂಭಿಸಬಹುದು. ಬೆಲೆ ಏರಿಳಿಯುತ್ತದೆ, ಎರಡು ಮೂರು ಕಡೆ ವಿಚಾರಿಸಿ. ಇಂಟರ್‌ಫೇಸಿಗೇ ಎಲ್ಲ ಸುರಿದು ಹೆಸರಿಲ್ಲದ ಮೈಕ್ ಕೊಳ್ಳಬೇಡಿ. ಎರಡನೆಯ ಮೈಕ್ ಆರು ತಿಂಗಳ ನಂತರ ಬರಲಿ. ಅಕ್ಕಪಕ್ಕದ ಎರಡು ಮದ್ರಸಗಳು ಸೇರಿ ಒಂದು ಸೆಟ್ ಕೊಂಡರೆ ಇನ್ನೂ ಒಳ್ಳೆಯದು, ವರ್ಷವಿಡೀ ಯಾರೂ ರೆಕಾರ್ಡ್ ಮಾಡುವುದಿಲ್ಲ. ಬೇಕಾದಕ್ಕಿಂತ ಹೆಚ್ಚು ಕೊಂಡು ಕಪಾಟಿನಲ್ಲಿ ಇಡುವುದು ಇಸ್ರಾಫ್, ಅದು ಮೈಕೇ ಆದರೂ.

ಹಾಡಿಗೂ ಸನದ್ ಇರಲಿ

ಮುದ್ರಿಸಿದ ಮೇಲೆ ಮೂಲ ವೇವ್ ಕಡತಗಳನ್ನು ಎರಡು ಕಡೆ ಇಡಿ, ಲ್ಯಾಪ್‌ಟಾಪಿನಲ್ಲಿ ಒಂದು, ಬೇರೆ ಡಿಸ್ಕಿನಲ್ಲಿ ಒಂದು. ವಾಟ್ಸ್ಆ್ಯಪಿನಲ್ಲಿ ವಾಯ್ಸ್ ಆಗಿ ಹೋದದ್ದು ಹಿಂಡಿದ ಸ್ವರ, ಅದನ್ನೇ ಮೂಲ ಎಂದು ಇಟ್ಟುಕೊಳ್ಳಬೇಡಿ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಪ್ರತಿ ಹಾಡಿನ ಆರಂಭದಲ್ಲಿ ಬಾಯಲ್ಲೇ ಹೇಳಿಸಿ: ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು. ಹದೀಸಿಗೆ ಸನದ್ ಇರುವ ಸಮುದಾಯ ನಮ್ಮದು. ಯಾರಿಂದ ಯಾರಿಗೆ ಬಂತು ಎಂದು ಕೇಳುವ ಅಭ್ಯಾಸವನ್ನು ಮನೆಹಾಡಿನ ವಿಷಯದಲ್ಲೂ ಇಟ್ಟುಕೊಂಡರೆ ನಾಳೆ ಬ್ಯಾರಿ ಭಾಷೆಯ ಬಗ್ಗೆ ಕೆಲಸ ಮಾಡುವವರಿಗೆ ಅದೇ ದೊಡ್ಡ ಆಸ್ತಿ.

ಎಲ್ಲಕ್ಕಿಂತ ಮುಖ್ಯ, ಅನುಮತಿ. ಅಜ್ಜಿ ಹಾಡಿದ್ದು ಮೊಮ್ಮಕ್ಕಳಿಗಾಗಿ. ಅದನ್ನು ಯೂಟ್ಯೂಬಿಗೆ ಹಾಕಲು ಅವರು ಒಪ್ಪಿದ್ದಾರಾ? ಮನೆಯವರಿಗೆ ಮಾತ್ರವೋ, ಹೆಂಗಸರಿಗೆ ಮಾತ್ರವೋ, ಎಲ್ಲರಿಗೂವೋ ಎಂದು ಕೇಳಿ ಬರೆದಿಡಿ. ಹಾಡು ಉಳಿಸುವುದು ಬೇರೆ, ಹಂಚುವುದು ಬೇರೆ. ಅನುಮತಿ ಸಿಗದಿದ್ದರೆ ಮಲ್ಟಿಟ್ರ್ಯಾಕಿನಲ್ಲಿ ಅದಕ್ಕೂ ದಾರಿ ಉಂಟು. ಅಜ್ಜಿಯ ಟ್ರ್ಯಾಕನ್ನು ಮನೆಯಲ್ಲೇ ಇಟ್ಟು, ಅದನ್ನು ಕೇಳಿ ಕಲಿತ ಹುಡುಗರ ಸ್ವರವನ್ನು ಮಾತ್ರ ಹೊರಗೆ ಬಿಡಬಹುದು.

ಇಷ್ಟೆಲ್ಲ ಓದಿದ ಮೇಲೆ ಹಣ ಕೂಡಿ ಬರಲಿ ಎಂದು ಕಾಯುತ್ತಾ ಕೂರಬೇಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇಂದು ರಾತ್ರಿಯೇ ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವಲಿನ ಮೇಲೆ ಅವರ ಬಾಯಿಯಿಂದ ಒಂದು ಗೇಣು ದೂರದಲ್ಲಿಟ್ಟು ಹಾಡಲು ಹೇಳಿ. ಆ ಕಡತವನ್ನು ಮುಂದೆ ಲ್ಯಾಪ್‌ಟಾಪಿಗೆ ಹಾಕಿ ಮೊದಲ ಟ್ರ್ಯಾಕ್ ಮಾಡಿಕೊಳ್ಳಬಹುದು. ಮೈಕ್, ಇಂಟರ್‌ಫೇಸ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗ್ತದೆ.